ಮುಷ್ಟಿಯೊಳಗಿನ ಕೀಲಿಕೈ

ನವನಗರ, ಬಾಗಲಕೋಟೆ, ಮಂಗಳವಾರ ಮುಂಜಾನೆ

ನನ್ನ ಅವ್ವ ಗುರುಲಿಂಗವ್ವನಿಗೆ,

ನಿನ್ನೆ ನಿನಗೆ ಸುಳ್ಳು ಹೇಳಿದೆ. ಕೂಡಲಸಂಗಮಕ್ಕೆ ಹೋಗಿ ಒಂದು ರಾತ್ರಿ ಉಳಿದು ಬರುತ್ತೇನೆ ಅಂದವಳು ಹುನಗುಂದದಲ್ಲಿ ಬಸ್ ಬದಲಿಸಿ ಬಾಗಲಕೋಟೆಗೆ ಬಂದೆ. ಫೆಬ್ರುವರಿಯ ಎರಡನೆಯ ಸೋಮವಾರ ಜಗತ್ತಿನ ತುಂಬ ಮೂರ್ಛೆರೋಗ ಇದ್ದವರ ದಿನವಂತೆ. ಇಲ್ಲೊಂದು ಸಭೆ ಇತ್ತು. ನಾನು ಮೈಕ್ ಹಿಡಿದು ನನ್ನ ಹೆಸರು, ನಿನ್ನ ಹೆಸರು, ಇಳಕಲ್ಲಿನ ನಮ್ಮ ಓಣಿಯ ಹೆಸರು ಹೇಳಿ, ಹದಿನಾರನೇ ವಯಸ್ಸಿನಿಂದ ನನಗೆ ಮೂರ್ಛೆರೋಗ ಇದೆ ಅಂದುಬಿಟ್ಟೆ. ಫೋಟೋ ತೆಗೆದಿದ್ದಾರೆ. ಪೇಪರಿನಲ್ಲಿ ಬಂದರೆ ಓಣಿಯವರು ನಿನಗೆ ಬಂದು ಹೇಳುವ ಮೊದಲು ನಾನೇ ಹೇಳಬೇಕು. ಎದುರಿಗೆ ನಿಂತರೆ ನೀನು ಅಳುತ್ತೀ, ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಇದನ್ನು, ಈಗ ಇಲ್ಲಿಂದ ಊರಿಗೆ ಹೊರಟಿರುವ ನಮ್ಮ ಓಣಿಯ ಅಮರೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಂಜೆ ನಾನೂ ಬರುತ್ತೇನೆ.

ಹತ್ತು ವರ್ಷ ಮುಚ್ಚಿಟ್ಟೆಯಲ್ಲ ಅವ್ವಾ, ಯಾರಿಂದ? ನನ್ನ ಗುಳಿಗೆಗಳು ಅಮೀನಗಡದ ಕರದಂಟಿನ ಡಬ್ಬಿಯಲ್ಲಿ ಬದುಕಿದವು. ಹೋದ ತಿಂಗಳು ಹುನಗುಂದದವರು ಹೆಣ್ಣು ನೋಡಲು ಬಂದಾಗ ನೀನು ಆ ಡಬ್ಬಿಯನ್ನೂ ಜೋಳದ ಚೀಲದ ಹಿಂದೆ ತಳ್ಳಿದೆ. "ಎರಡ ದಿನ ಬಿಟ್ರ ಏನೂ ಆಗಂಗಿಲ್ಲ, ಸುಮ್ನಿರು" ಅಂದೆ. ನಾನೂ ಸುಮ್ಮನಿದ್ದೆ, ಅದು ನನ್ನ ತಪ್ಪು. ಎಂಟು ತಿಂಗಳಿಂದ ಹತ್ತಿರ ಸುಳಿಯದ ಮೂರ್ಛೆ, ಅವರು ಎದ್ದುಹೋದ ಮರುದಿನ ಅಡುಗೆಮನೆಯಲ್ಲಿ ನನ್ನನ್ನು ಕೆಡವಿತು.

ಆಗ ನೀನು ಯಾವಾಗಲೂ ಮಾಡುವುದನ್ನೇ ಮಾಡಿದೆ. ಸೊಂಟದಲ್ಲಿದ್ದ ಮಗ್ಗದ ಕೋಣೆಯ ಕೀಲಿಕೈ ತೆಗೆದು ನನ್ನ ಮುಷ್ಟಿಯೊಳಗೆ ತುರುಕಿದೆ. ಕಬ್ಬಿಣ ಹಿಡಿದರೆ ಮೂರ್ಛೆ ಇಳಿಯುತ್ತದೆ ಅಂತ ನಿನ್ನ ಅವ್ವ ಹೇಳಿದ್ದಳು, ಅವಳಿಗೆ ಅವಳ ಅವ್ವ. ಅದು ತಾನಾಗಿಯೇ ಇಳಿಯುತ್ತದೆ ಅವ್ವಾ. ಕಬ್ಬಿಣದಿಂದ ನನಗೆ ಸಿಕ್ಕದ್ದು ಅಂಗೈಯ ಮೇಲಿನ ಗಾಯ ಅಷ್ಟೇ. ಆದರೂ ಆ ಹೊತ್ತಿನಲ್ಲಿ ನೀನೊಬ್ಬಳೇ ನನ್ನನ್ನು ಹಿಡಿದು ಕೂತಿರುತ್ತೀ ಎಂದು ನೆನೆದರೆ ನನ್ನ ಸಿಟ್ಟೆಲ್ಲ ಕರಗುತ್ತದೆ.

ಆದರೆ ಕೋಣೆಯ ವಿಷಯದಲ್ಲಿ ಸಿಟ್ಟು ಕರಗಿಲ್ಲ. ಹೋದ ವರ್ಷ ಮಗ್ಗದ ಮೇಲೆ ಕೂತಾಗ ಒಮ್ಮೆ ಹಾಗಾಯಿತೆಂದು, "ಇನ್ ಮ್ಯಾಲೆ ಮಗ್ಗದ ಹೆಸರ ಎತ್ತಬ್ಯಾಡ" ಅಂತ ನೀನು ಕೋಣೆಗೆ ಕೀಲಿ ಜಡಿದೆ. ಅಪ್ಪ ಸಾಯುವ ಮೊದಲು ಕಲಿಸಿಹೋದ ಒಂದೇ ವಿದ್ಯೆ ಅದು. ಅರ್ಧ ನೇಯ್ದ ಸೀರೆ ಒಳಗೆ ಧೂಳು ತಿನ್ನುತ್ತಿದೆ. ನಾನು ಹೊರಗೆ ಕೂತು ಯಾರು ಯಾವಾಗ ನನ್ನನ್ನು ಒಪ್ಪಿಯಾರು ಎಂದು ಕಾಯಬೇಕು. ಕಾಯುವುದಿಲ್ಲ.

ಸಭೆ ಸೇರಿಸಿದವಳು ಆಫ್ರೀನ. ಸಾಲಿ ಟೀಚರ್, ಅವಳಿಗೂ ನನ್ನ ರೋಗವೇ. ರಾತ್ರಿ ಅವಳ ಮನೆಯಲ್ಲೇ ಉಳಿದೆ. ಜಗತ್ತಿನಲ್ಲಿ ನಮ್ಮಂಥವರು ಐದು ಕೋಟಿ ಮಂದಿ ಅಂದಳು. ಐದು ಕೋಟಿ ಮಂದಿಯನ್ನು ಯಾವ ಜೋಳದ ಚೀಲದ ಹಿಂದೆ ಬಚ್ಚಿಡುತ್ತೀ? ಆಮೇಲೆ ಕೇಳಿದಳು, "ನಾ ಬಿದ್ರ ಏನ್ ಮಾಡಬೇಕಂತ ನನ್ನ ಮೂರನೇ ಕ್ಲಾಸ್ ಹುಡುಗರಿಗೆ ಗೊತ್ತೈತಿ. ನಿಮ್ಮವ್ವಗ ಯಾಕ ಗೊತ್ತಿಲ್ಲ?" ನಾನು ಒಮ್ಮೆಯೂ ನಿನಗೆ ಹೇಳಿಕೊಟ್ಟಿರಲಿಲ್ಲ.

ಈಗ ಹೇಳುತ್ತೇನೆ. ನಾನು ಬಿದ್ದರೆ ಒಂದು ಮಗ್ಗುಲಿಗೆ ಹೊರಳಿಸು. ತಲೆಯ ಕೆಳಗೆ ನಿನ್ನ ಸೆರಗು ಮಡಿಸಿ ಇಡು. ಕೈಯಲ್ಲಿ, ಬಾಯಲ್ಲಿ ಏನೂ ತುರುಕಬೇಡ. ಗಡಿಯಾರ ನೋಡು, ಐದು ನಿಮಿಷ ದಾಟಿದರೆ ದವಾಖಾನೆ. ಅಷ್ಟರವರೆಗೆ ಪಕ್ಕದಲ್ಲಿ ಕೂತಿರು, ಸಾಕು.

ಮಗ್ಗದ ಬಗ್ಗೆ ಸಭೆಗೆ ಬಂದಿದ್ದ ಡಾಕ್ಟರನ್ನೂ ಕೇಳಿದೆ. "ಗುಳಿಗಿ ತಪ್ಪಸಬ್ಯಾಡ, ಒಬ್ಬಾಕಿನ ಕೂಡಬ್ಯಾಡವಾ" ಅಂದರು. ಅದಕ್ಕೆ ನೀನು ಬೇಕು. ನಾನು ನೇಯುವಾಗ ನೀನು ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕೂಡು, ಅಪ್ಪ ಇದ್ದಾಗ ಕೂಡುತ್ತಿದ್ದ ಹಾಗೆ. ಹುನಗುಂದದವರಿಗೂ ಇವತ್ತೇ ಫೋನ್ ಮಾಡಿ ಎಲ್ಲ ಹೇಳುತ್ತೇನೆ. ಬೇಡವೆಂದರೆ ಬಿಡಲಿ.

ಇನ್ನೊಂದು ಮಾತು. ಕೀಲಿಕೈ ಕಳೆದಿದೆ ಅಂತ ತಿಂಗಳಿಂದ ಮನೆಯೆಲ್ಲ ತಡಕಾಡುತ್ತಿದ್ದೀ, ಇನ್ನು ಸಾಕುಮಾಡು. ಅಂದು ಎಚ್ಚರವಾದಾಗ ಅದು ನನ್ನ ಮುಷ್ಟಿಯಲ್ಲೇ ಇತ್ತು. ನಾನು ತಿರುಗಿ ಕೊಡಲಿಲ್ಲ.

ನೀನು ಚೆಂದಾಗಿರು ಅವ್ವಾ. ಸಂಜೆ ಕೋಣೆಯ ಬಾಗಿಲ ಮುಂದೆ ಕಸ ಗುಡಿಸಿಟ್ಟಿರು, ಬಂದು ತೆರೆಯುತ್ತೇನೆ.

ನಿನ್ನ ಹೆಸರನ್ನು ಮೈಕಿನಲ್ಲಿ ಹೇಳಿದ ಮಗಳು,
ಸುನಂದಾ