ನಿಮ್ಮ ಯಂತ್ರಕ್ಕೆ ಧೂಳು ತಾಗಲಿಲ್ಲ

ಕಾರ್ಖಾನೆಗಳ ಧೂಳು ಅಳೆಯುವ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಬರುವ ಸೋಮವಾರ ನನ್ನ ಗಂಡ ಕಳಕೇಶ ಒಂದು ಹಾಳೆಗೆ ಸಹಿ ಹಾಕಬೇಕಂತೆ. ನೀವು ನಡೆಸಿದ ಧೂಳಿನ ಪರೀಕ್ಷೆಯನ್ನು ತಾನು ಬೇಕೆಂದೇ ಕೆಡಿಸಿದೆ ಎಂದು ಅದರಲ್ಲಿ ಬರೆದಿದೆ. ಸಹಿ ಹಾಕಿದರೆ ಕೆಲಸಕ್ಕೆ ಒಳಗೆ ಬಿಡುತ್ತಾರೆ, ಹಾಕದಿದ್ದರೆ ಗೇಟಿನ ಹೊರಗೇ ಇರಬೇಕು. ಅವರು ಬೇಕೆಂದು ಏನನ್ನೂ ಕೆಡಿಸಿಲ್ಲ. ನಿಜವಾಗಿ ನಡೆದದ್ದೇನು ಎಂಬುದನ್ನು ನಿಮಗೆ ಹಿಂದೆಯೇ ಬರೆದು ತಿಳಿಸಿದ್ದೆ. ಅದರಿಂದ ಬಂದ ಫಲವೇ ಈ ಹಾಳೆ. ಹಾಗಾಗಿ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ಕಳಕೇಶ ಹನುಮಸಾಗರದ ರಸ್ತೆ ಬದಿಯ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿನ ಅಂಚು ಉಜ್ಜುವವರು. ಅಲ್ಲಿ ಬಂಡೆ ಕೊಯ್ಯುವ ದೊಡ್ಡ ಬ್ಲೇಡುಗಳಿಗೆ ಸದಾ ನೀರು ಬಿಡುತ್ತಾರೆ, ಇಲ್ಲದಿದ್ದರೆ ಬ್ಲೇಡು ಸುಟ್ಟುಹೋಗುತ್ತದೆ. ಕೈಯಲ್ಲಿ ಹಿಡಿದು ಅಂಚು ಉಜ್ಜುವ ಗ್ರೈಂಡರಿಗೆ ಮಾತ್ರ ನೀರಿಲ್ಲ, ಏಕೆಂದರೆ ಅಲ್ಲಿ ಸುಡುವುದು ಮನುಷ್ಯನ ಎದೆ, ಅದು ಬ್ಲೇಡಿನಷ್ಟು ತುಟ್ಟಿಯಲ್ಲ. ಇವರಿಗಿಂತ ಮೊದಲು ಅದೇ ಜಾಗದಲ್ಲಿ ಕೂತು ಉಜ್ಜುತ್ತಿದ್ದವರು ಮಕ್ಬುಲಸಾಬರು. ಕಫದಲ್ಲಿ ಟಿಬಿ ಸಿಗಲಿಲ್ಲ, ಆದರೂ ಟಿಬಿ ಮಾತ್ರೆ ನುಂಗುತ್ತಲೇ ಅವರು ತೀರಿಕೊಂಡರು. ಅವರು ಕೂರುತ್ತಿದ್ದ ಮಣೆ ನನ್ನ ಗಂಡನಿಗೆ ಬಂತು. ನಮ್ಮೂರ ಭಜನೆಯಲ್ಲಿ ಏರುದನಿಯ ಪದವೆಂದರೆ ಕಳಕೇಶನದೇ ಎನ್ನುತ್ತಿದ್ದರು. ಈಗ ಅವರ ಕೈಗೆ ತಾಳ ಕೊಟ್ಟು ಕೂರಿಸುತ್ತಾರೆ. ಒಂದು ಮಾತು ಆಡಿ ಮುಗಿಸುವಷ್ಟರಲ್ಲಿ ಎರಡು ಸಲ ನಿಲ್ಲುತ್ತಾರೆ. ಪಕ್ಕದಲ್ಲಿ ಕೂತು ಅದನ್ನು ಕೇಳುವಾಗ ನನಗೆ ಭಯವಾಗುತ್ತದೆ.

ಕೊಪ್ಪಳದ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಇದು ಟಿಬಿಯಂತೆ ಕಾಣುವುದಿಲ್ಲ, ಕಲ್ಲಿನ ಧೂಳು ಹೊಕ್ಕಿರಬೇಕು ಎಂದರು. ಕೆಲಸದ ಜಾಗದಲ್ಲಿ ಎಷ್ಟು ಧೂಳಿದೆ ಎಂಬ ವರದಿ ಸಿಕ್ಕರೆ ತನ್ನಿ, ಈ ರೋಗ ಕೆಲಸದಿಂದಲೇ ಬಂದದ್ದು ಎಂದು ಬರೆಯಲು ಬಲ ಬರುತ್ತದೆ ಎಂದೂ ಹೇಳಿದರು. ಅಷ್ಟರಲ್ಲೇ ನೀವು ತಪಾಸಣೆಗೆ ಬರುವ ಸುದ್ದಿ ಬಂತು. ನಮಗೆ ಎಷ್ಟು ಖುಷಿಯಾಯಿತು ಎಂದರೆ ನಿಮಗೆ ನಗು ಬಂದೀತು. ನಿಮ್ಮ ಹೆಸರು ಕೇಳಿಯೇ ಮಾಲೀಕರು ಗ್ರೈಂಡರುಗಳಿಗೆ ನೀರು ಹಾಯಿಸಲು ಪೈಪು ತರಿಸಿದ್ದರು, ಜೋಡಿಸುವುದೊಂದು ಬಾಕಿ ಇತ್ತು. ಸರ್ಕಾರಕ್ಕೆ ಇಷ್ಟು ತಾಕತ್ತಿದೆಯೇ ಎಂದು ನಾನೇ ಬೆರಗಾಗಿದ್ದೆ.

ನೀವು ಬಂದಿರಿ. ನಿಮ್ಮ ಸಹಾಯಕರು ಕಳಕೇಶರ ಸೊಂಟಕ್ಕೆ ಒಂದು ಸಣ್ಣ ಪಂಪು ಕಟ್ಟಿ, ಅದರ ನಳಿಕೆಯ ತುದಿಯ ಡಬ್ಬಿಯನ್ನು ಅಂಗಿಯ ಕಾಲರಿಗೆ ಸಿಕ್ಕಿಸಿದರು. ಈ ಡಬ್ಬಿ ಗಾಳಿ ಎಳೆದುಕೊಳ್ಳುತ್ತದೆ, ಒಳಗಿನ ಜಾಳಿಗೆಯ ಮೇಲೆ ಕೂತ ಧೂಳನ್ನು ಆಮೇಲೆ ತೂಗುತ್ತೇವೆ ಎಂದು ಯಾರಾದರೂ ಹೇಳಿದರೇ? ಇಲ್ಲ. ಸಹಾಯಕರು ಹೇಳಿದ್ದು ಒಂದೇ ಮಾತು: "ಭಾಳ ತುಟ್ಟಿದು ಐತಿ, ಕೆಡಿಸಬ್ಯಾಡ್ರಿ." ಮೇಸ್ತ್ರಿ ರಾಜಾಸಾಬರು ಅದಕ್ಕೆ ತಮ್ಮದನ್ನೂ ಸೇರಿಸಿದರು: "ಸರ್ಕಾರದ್ದು ಐತಪಾ, ಜ್ವಾಕಿ." ಇಷ್ಟು ಹೇಳಿ ಎಲ್ಲರೂ ಆಫೀಸಿನ ತಣ್ಣನೆಯ ಕೋಣೆಗೆ ಹೋದಿರಿ.

ಮಾನ್ಯರೇ, ನಮ್ಮ ಕಡೆಯ ಯಾವುದಾದರೂ ಮನೆಯೊಳಗೆ ಬಂದಿದ್ದೀರಾ? ಬಂದಿದ್ದರೆ ಟಿವಿಗೆ ಕಸೂತಿಯ ಬಟ್ಟೆ, ಮಿಕ್ಸರಿಗೆ ಹಳೆ ಲಂಗದಿಂದ ಹೊಲಿದ ಗವಸು, ಗೋಡೆ ಗಡಿಯಾರಕ್ಕೂ ಪ್ಲಾಸ್ಟಿಕ್ ಹೊದಿಕೆ ನೋಡಿರುತ್ತೀರಿ. ತುಟ್ಟಿಯ ವಸ್ತುವಿಗೆ ಧೂಳು ಬಡಿಯದಂತೆ ಮುಚ್ಚಿಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ನೀವು ಅತ್ತ ಹೋದ ಮೇಲೆ ಕಳಕೇಶ ಗ್ರೈಂಡರ್ ಚಾಲೂ ಮಾಡಿದರು. ಮೊದಲ ಉಜ್ಜಿಗೇ ಸರ್ಕಾರದ ಡಬ್ಬಿ ಬೆಳ್ಳಗಾಯಿತು. ಅವರು ಗ್ರೈಂಡರ್ ನಿಲ್ಲಿಸಿ, ತಮ್ಮ ಬಾಯಿ ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿ, ಎರಡು ಮಡಿಕೆ ಮಾಡಿ ಆ ಡಬ್ಬಿಗೆ ಕಟ್ಟಿದರು. ನನ್ನ ಹಳೆಯ ಸೀರೆಯಿಂದ ಹರಿದುಕೊಟ್ಟ ಬಟ್ಟೆ ಅದು. ಆಮೇಲೆ ಸಂಜೆಯವರೆಗೂ ಬರಿಬಾಯಿಯಲ್ಲಿ ಕಲ್ಲು ಉಜ್ಜಿದರು.

ಅಷ್ಟು ಹೊತ್ತಿನಲ್ಲಿ ನಿಮ್ಮಲ್ಲಿ ಒಬ್ಬರಾದರೂ ಎದ್ದು ಬಂದು ನೋಡಿದಿರಾ? ನೋಡಿದ್ದರೆ ಡಬ್ಬಿಯ ಬಟ್ಟೆ ಕಾಣದೇ ಇರುತ್ತಿತ್ತೇ? ಕೆಲಸ ಬಿಡುವ ಹೊತ್ತಿಗೆ ಕಳಕೇಶ ಬಟ್ಟೆ ಬಿಚ್ಚಿ, ಡಬ್ಬಿಯನ್ನು ತಮ್ಮ ಅಂಗಿಯ ಒಳಮೈಯಿಂದ ಒರೆಸಿ ಒಪ್ಪಿಸಿದರು. ಸಹಾಯಕರು ಛಲೋ ಇಟ್ಟೀರಿ ಎಂದು ಮೆಚ್ಚಿದರಂತೆ. ಮನೆಗೆ ಬಂದು ಕೆಮ್ಮುತ್ತಲೇ ಅದನ್ನು ನನಗೆ ಹೇಳಿದರು. ಭಾಳ ದಿನಗಳ ಮೇಲೆ ಅವರ ಮುಖದಲ್ಲಿ ಗೆಲುವಿತ್ತು. ಆ ದಿನ ಆ ಶೆಡ್ಡಿನಲ್ಲಿ ಧೂಳಿನಿಂದ ಪಾರಾದದ್ದು ನಿಮ್ಮ ಯಂತ್ರ ಒಂದೇ, ಮತ್ತು ಅದನ್ನು ಪಾರು ಮಾಡಿದ್ದು ನನ್ನ ಗಂಡ.

ನಿಮ್ಮ ವರದಿ ಬಂತು. ಧೂಳು ಮಿತಿಯೊಳಗೆ ಇದೆಯಂತೆ. ಎಲ್ಲ ಕಡೆ ಗಾಳಿ ಇಷ್ಟು ಶುದ್ಧವಿದ್ದರೆ ನಮ್ಮ ಮಕ್ಕಳನ್ನು ಅಂಗನವಾಡಿ ಬಿಡಿಸಿ ಆ ಶೆಡ್ಡಿನಲ್ಲೇ ಆಡಲು ಕಳಿಸಬಹುದು. ಮಾಲೀಕರು ವರದಿಯನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು, ಪೈಪುಗಳನ್ನು ಅಂಗಡಿಗೆ ಮರಳಿಸಿದರು. ಎಕ್ಸ್‌ರೇ ಹಿಡಿದು ಮತ್ತೆ ಕೊಪ್ಪಳಕ್ಕೆ ಹೋದಾಗ ಡಾಕ್ಟರು ಆ ವರದಿ ಓದಿ, ಇದನ್ನಿಟ್ಟುಕೊಂಡು ಕೆಲಸದಿಂದ ಬಂದ ರೋಗ ಎಂದು ಬರೆಯಲಾಗದು ಎಂದರು. ಆಗ ನಾನು ಬಟ್ಟೆಯ ವಿಷಯವನ್ನೆಲ್ಲ ವಿವರವಾಗಿ ಬರೆದು, ಇನ್ನೊಮ್ಮೆ ಬಂದು ಅಳೆಯಿರಿ ಎಂದು ಕೈಮುಗಿದು ಕೇಳಿದೆ.

ನೀವು ಎರಡೇ ಸಾಲಿನಲ್ಲಿ ಉತ್ತರಿಸಿದಿರಿ: ಕಾರ್ಮಿಕನ ಅಸಹಕಾರದಿಂದ ಲೋಪವಾಗಿದೆ, ಮರುಪರೀಕ್ಷೆಯ ಅಗತ್ಯ ಕಂಡುಬರುವುದಿಲ್ಲ. ಅಸಹಕಾರವನ್ನು ನಾನು ಶಾಲೆಯ ಪಾಠದಲ್ಲಿ ಓದಿದ್ದೆ. ದೇಶಕ್ಕಾಗಿ ಹೋರಾಡಿದ ದೊಡ್ಡವರು ಬ್ರಿಟಿಷರ ವಿರುದ್ಧ ಮಾಡಿದ್ದು ಅದು. ನಮ್ಮ ಮನೆಯಲ್ಲೂ ಒಬ್ಬರು ಮಾಡಿದ್ದಾರೆ ಎಂದು ನಿಮ್ಮಿಂದಲೇ ತಿಳಿಯಿತು. ಲೋಪವಾಗಿದೆ ಎಂದು ನೀವೇ ಒಪ್ಪುತ್ತೀರಿ, ಹಾಗಿದ್ದರೆ ಆ ಲೋಪದಿಂದ ಹುಟ್ಟಿದ ವರದಿ ಇನ್ನೂ ಗೋಡೆಯ ಮೇಲೆ ಏಕಿದೆ? ಸರ್ಕಾರದ ವಸ್ತುವನ್ನು ತನ್ನ ಉಸಿರಿಗಿಂತ ಜೋಪಾನ ಮಾಡುವುದು ಅಸಹಕಾರವಾದರೆ, ಸಹಕಾರ ಎಂದರೆ ಇನ್ನೇನು ಮಾಡಬೇಕಿತ್ತು? ನಿಮ್ಮ ಉತ್ತರದ ಪ್ರತಿ ಮಾಲೀಕರಿಗೂ ಹೋಗಿತ್ತು. ಅದು ಮುಟ್ಟಿದ ಮರುದಿನವೇ ಕಳಕೇಶರನ್ನು ಗೇಟಿನಲ್ಲಿ ತಡೆದು ಆ ಹಾಳೆ ಕೈಗಿಟ್ಟರು.

ಅವರು ಸಹಿ ಹಾಕಲು ಸಿದ್ಧರಿದ್ದಾರೆ, ಅದೇ ನನ್ನ ದಿಗಿಲು. ಸಹಿ ಬಿದ್ದರೆ ತಪ್ಪು ಇವರದೇ ಎಂದಾಗುತ್ತದೆ, ಮತ್ತೆ ಯಾರೂ ಅಳೆಯುವುದಿಲ್ಲ, ನಿಮ್ಮ ವರದಿಯೇ ಕಾಯಂ. ಇವರ ರೋಗಕ್ಕೆ ಕಾರಣವಿಲ್ಲ, ಗ್ರೈಂಡರಿಗೆ ನೀರಿಲ್ಲ, ಇವರ ನಂತರ ಆ ಮಣೆಯ ಮೇಲೆ ಕೂರುವವನಿಗೂ ಇದೇ ಗತಿ. ನಿನ್ನೆ ಈ ಪತ್ರ ಬರೆಯುತ್ತೇನೆ ಎಂದಾಗ ಬೇಡವೆಂದರು. ನಾನು ಸಿಟ್ಟಾದೆ, ಅತ್ತೆ ಕೂಡ. ಕೊನೆಗೆ ಉಸಿರು ಕೂಡಿಸಿಕೊಂಡು ಹೇಳಿದರು: "ಬರಿ. ಆದ್ರ ಆ ಸಹಾಯಕನ ಹೆಸರು ಹಾಕಬ್ಯಾಡ. ತುಟ್ಟಿದು ಅಂತ ಅಂವ ಖರೇನ ಹೇಳ್ಯಾನ. ಪಾಪ, ಅವನ ನೌಕರಿ ಹೋದೀತು."

ಇದನ್ನು ಇನ್ನೊಮ್ಮೆ ಓದಿ ಮಾನ್ಯರೇ. ಅಸಹಕಾರ ಮಾಡಿದ ಮನುಷ್ಯ ಹೀಗೆ ಮಾತಾಡುತ್ತಾನೆಯೇ?

ಹಾಗಾಗಿ ನಿಮ್ಮ ಕಚೇರಿಯ ಯಾರ ಹೆಸರನ್ನೂ ನಾನು ಬರೆದಿಲ್ಲ, ನಿಮ್ಮದನ್ನೂ ಸೇರಿಸಿ. ಕೇಳುವುದು ಇಷ್ಟೇ. ಸೋಮವಾರದೊಳಗೆ ಆ ವರದಿಯನ್ನೂ, ಅಸಹಕಾರ ಎಂಬ ಮಾತನ್ನೂ ಹಿಂತೆಗೆದುಕೊಂಡು ಮಾಲೀಕರಿಗೆ ತಿಳಿಸಿ. ಇನ್ನೊಮ್ಮೆ ಅಳೆಯಲು ಮುಂಚಿತವಾಗಿ ಹೇಳದೆ ಬನ್ನಿ. ನನ್ನ ಗಂಡನನ್ನೇ ಮತ್ತೆ ಆ ಧೂಳಿನಲ್ಲಿ ಕೂರಿಸಿ ಅಳೆಯಿರಿ ಎಂದು ನಾನು ಹೇಳಲಾರೆ. ಪಕ್ಕದ ಗ್ರೈಂಡರುಗಳು ಹೇಗೂ ನಡೆಯುತ್ತಿರುತ್ತವೆ. ಮಕ್ಬುಲಸಾಬರು ಕೂತಿದ್ದ ಆ ಖಾಲಿ ಮಣೆಯ ಮೇಲೆ ನೀವು ಕೂತುಕೊಳ್ಳಿ, ಯಂತ್ರವನ್ನು ನಿಮ್ಮ ಕಾಲರಿಗೆ ಸಿಕ್ಕಿಸಿಕೊಳ್ಳಿ, ಸಂಜೆಯವರೆಗೆ ಇರಿ. ಆಮೇಲೆ ಬರುವ ಅಂಕಿ ಎಷ್ಟೇ ಇರಲಿ, ನಾವು ಒಪ್ಪುತ್ತೇವೆ.

ಇಂತಿ,
ನಿಮ್ಮ ಯಂತ್ರವನ್ನು ಜೋಪಾನ ಮಾಡಿದ ತಪ್ಪಿಗೆ ಗೇಟಿನ ಹೊರಗೆ ನಿಂತವರ ಹೆಂಡತಿ,
ಶೈಲಶ್ರೀ

ಅಡಕ: ಬಟ್ಟೆ ಒಂದು. ಕಳಕೇಶ ಕೊನೆಯ ದಿನ ಬಾಯಿಗೆ ಕಟ್ಟಿಕೊಂಡಿದ್ದು. ಕೆಲಸವೇ ಇಲ್ಲದ ಮೇಲೆ ಒಗೆಯುವ ಪ್ರಸಂಗ ಬರಲಿಲ್ಲ. ಹೊರಗೆ ಉಳಿದ ಧೂಳು ಇದರಲ್ಲಿದೆ, ಒಳಗೆ ಹೋದದ್ದು ಅವರ ಹತ್ತಿರ ಇದೆ. ದಯವಿಟ್ಟು ಫ್ಯಾನಿನ ಕೆಳಗೆ ಬಿಚ್ಚಬೇಡಿ.