ಅಂತ್ರ ಕಟ್ಟಬೇಕಿದ್ದ ರಟ್ಟೆ

ಅವ್ವಾ,

ನಿನ್ನ ಶ್ರದ್ಧಾಂಜಲಿ ಫ್ಲೆಕ್ಸಿಗೆ ಎರಡು ಸಾಲು ಪ್ರಾಸ ಹೊಂದಿಸಲಾಗದೆ ಪ್ರೆಸ್ಸಿನಲ್ಲಿ ತಲೆ ಹಿಡಿದು ಕೂತಿದ್ದು ನೆನಪಾಗುತ್ತದೆ. ಚನ್ನಪಟ್ಟಣದ ಅರ್ಧ ಮದುವೆಗಳ ಕರೆಯೋಲೆಗೆ, ಸತ್ತವರ ಫ್ಲೆಕ್ಸಿಗೆ ಪ್ರಾಸ ಕಟ್ಟಿ ಅನ್ನ ತಿನ್ನುವವನು ನಾನು. ಕನ್ನಡ ಬಿ.ಎ. ಮಾಡಿದ್ದಕ್ಕೆ ಅದೊಂದೇ ಫಲ. ಆದರೆ ‘ಅವ್ವ’ ಎಂಬುದಕ್ಕೆ ‘ದೆವ್ವ’ ಬಿಟ್ಟು ಬೇರೇನೂ ಬಂದು ನಿಲ್ಲಲಿಲ್ಲ. ಕೊನೆಗೆ ಬರೀ ಹೆಸರು, ಫೋಟೋ ಹಾಕಿಸಿದೆ. “ಊರೋರ್ಗೆಲ್ಲ ಬರ್ದ, ಹೆತ್ತವ್ಳಿಗೆ ಬರೀನಿಲ್ಲ” ಅಂದರು ಜನ. ಅದನ್ನೇ ಈಗ ಬರೆಯುತ್ತಿದ್ದೇನೆ. ಪ್ರಾಸ ತಪ್ಪಿದರೆ ಹೊಟ್ಟೆಗೆ ಹಾಕಿಕೋ.

ಆ ಬೆಳಗಿನ ಮಬ್ಬು ನನ್ನ ಕನಸಿನೊಳಗೆ ಇನ್ನೂ ಕರಗಿಲ್ಲ. ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ವರ್ಷ, ಹಲಸಿನ ಕಾಲ. ರೇಷ್ಮೆಹುಳುಗಳು ಕೊನೆಯ ಜ್ವರ ಎದ್ದು, ಹೊಸ ಚರ್ಮ ತೊಟ್ಟು, ಹಸಿದು ತಲೆಯೆತ್ತಿದ್ದವು. ಸೊಪ್ಪು ತುಂಬುವ ಮಂಕರಿ ಹೊತ್ತು ನೀನು ಮುಂದೆ, ಆಕಳಿಕೆ ಹೊತ್ತು ನಾನು ಹಿಂದೆ. ಹಿಪ್ಪುನೇರಳೆ ಗಿಡಗಳ ನೆತ್ತಿಗೆ ತಾಗುವಷ್ಟು ಮೋಡ ಇಳಿದಿತ್ತು. “ಅವ್ವ, ಕಬ್ಬಾಳು ಬೆಟ್ಟ ಇವತ್ತು ಒಸಿ ಹತ್ರ ಬಂದಂಗೈತೆ” ಅಂತ ನಾನಂದೆ. ನೀನು ನಿಂತುಬಿಟ್ಟೆ. “ಬೆಟ್ಟ ಅಲ್ಲ ಕಣ್ಲಾ. ತಿರುಗ್ ನೋಡ್ಬ್ಯಾಡ, ಓಡು ಮಗ” ಎಂದು ಪಿಸುಗುಟ್ಟಿದೆ.

ಬೆಟ್ಟ ಕಿವಿ ಬೀಸಿತು. ನಾನು ಓಡಿ ಕಾಲುವೆಗೆ ಬಿದ್ದೆ, ಬಿದ್ದಲ್ಲಿಂದಲೇ ನೋಡಿದೆ. ಹಲಸಿನ ಮರದ ಕೆಳಗೆ ಆನೆ, ಆನೆಯ ಮುಂದೆ ಇನ್ನೊಂದು ಮರದ ಹಾಗೆ ನೀನು. ಸೊಂಡಿಲು ನಿನ್ನ ತಲೆ, ಮುಖ, ಕತ್ತನ್ನೆಲ್ಲ ನಿಧಾನವಾಗಿ ಮೂಸಿತು. ಆಮೇಲೆ ಮಂಕರಿಯನ್ನು ಎತ್ತಿ ಎಸೆದು, ಮೋಡದೊಳಗೊಂದು ಮೋಡವಾಗಿ ಹೊರಟುಹೋಯಿತು. ನೀನು ಮಂಕರಿ ಹುಡುಕಿ, ಸೊಪ್ಪು ಕೊಯ್ದುಕೊಂಡೇ ಮನೆಗೆ ಬಂದೆ. ಹುಳು ಹಸಿದಿದ್ದವಲ್ಲ!

ನಮ್ಮ ಜಗಲಿಯ ಮೇಲೆ ಅವತ್ತು ಊರೇ ಕೂತಿತ್ತು. “ಇವ್ನು ಮೊದ್ಲೇ ಪುಕ್ಲ. ಹಲ್ಲಿ ಲೊಚ್ಗುಟ್ಟಿದ್ರೂ ಅವ್ವನ ಸೆರಗು ಹಿಡ್ಕತಾನೆ. ಏನಾಯ್ತು ಯೋಳ್ಲಾ” ಅಂದಳು ಪಕ್ಕದ ಮನೆ ಕೆಂಪಜ್ಜಿ. ನಾನು ಹೇಳಿದೆ, ಗೊಳೋ ಎಂದು ಅತ್ತೆ, ಬಂದವರಿಗೆಲ್ಲ ಮತ್ತೆ ಹೇಳಿದೆ. ಸಂಜೆಯ ಹೊತ್ತಿಗೆ ಆನೆಗೆ ಕೋರೆ ಬಂದಿತ್ತು, ಮಾರನೆಯ ದಿನ ಮರಿಯೂ ಬಂದಿತ್ತು. ನಿನ್ನನ್ನು ಯಾರು ಏನು ಕೇಳಿದರು? “ಗಂಡೆದೆ ಕಣವ್ವ ನಿಂದು” ಅಂದು, ನೀನು ಕಾಸಿಕೊಟ್ಟ ಕಾಫಿ ಕುಡಿದು ಎದ್ದು ಹೋದರು. ಹೊಗಳಿಕೆಯೂ ಬಾಯಿಗೆ ಹಾಕುವ ಒಂದು ಚಿಲಕ ಅಂತ ಆಗ ಯಾರಿಗೆ ಗೊತ್ತಿತ್ತು...

ಕಬ್ಬಾಳಿನ ದಾರಿಬದಿಯ ಆ ತಾತ ನೆನಪಿದ್ದಾನಾ? ದಿಗಿಲು ಬಿದ್ದವರ ರಟ್ಟೆಗೆ ಅಂತ್ರ ಕೊಡುತ್ತಿದ್ದವನು. ಕರಿದಾರಕ್ಕೆ ಸುರುಳಿ ಸುತ್ತಿದ ಪುಟ್ಟ ತಗಡು. ಜ್ವರ ಬಿಡದ ನನ್ನನ್ನು ನೀನೇ ಕರೆದುಕೊಂಡು ಹೋದೆ. “ಯಾರ್ಗವ್ವ ದಿಗ್ಲು?” ಅಂದ ತಾತ. “ಇವ್ನಿಗೆ ಸ್ವಾಮಿ. ನಂಗೇನು, ಕಲ್ಗುಂಡು” ಅಂದೆಯಲ್ಲ ನೀನು. ತಾಯಿಯ ಕೈಯಿಂದಲೇ ಕಟ್ಟಬೇಕು ಅಂದ. ನೀನು ಕಟ್ಟಲು ಕೂತೆ, ಗಂಟು ನಿಲ್ಲಲೊಲ್ಲದು. ಮಾಗಡಿಯ ಸಂತೆಯಲ್ಲಿ ಹೋರಿಯ ಮೂಗುದಾರ ಹಿಡಿದೆಳೆದ ಬೆರಳುಗಳು ದಾರದ ಮೇಲೆ ಎಲೆಯ ಹಾಗೆ ಅದುರುತ್ತಿದ್ದವು. “ಏನವ್ವ, ಅಂತ್ರ ಅವ್ನಿಗೋ ನಿಂಗೋ?” ಅಂತ ತಾತ ನಕ್ಕ. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನೀನು ನಕ್ಕೆ. ಗಂಟಿನ ತುದಿಯನ್ನು ನಾನೇ ಹಲ್ಲಿನಲ್ಲಿ ಕಚ್ಚಿ ಎಳೆದೆ. ನಗುನಗುತ್ತ ಆಡಿದ ಆ ಮಾತಿನಲ್ಲೇ ಎಲ್ಲ ಇತ್ತಲ್ಲ, ಅವ್ವ?

ಒದ್ದೆ ಸೀರೆಯನ್ನು ಒದರದೆ ಹಗ್ಗಕ್ಕೆ ಹಾಕುತ್ತಿದ್ದೆ ನೀನು, ಅಲ್ಲಿಂದಾಚೆಗೆ. ನಮ್ಮ ಮನೆಯ ಬಟ್ಟೆಯೆಲ್ಲ ಸುಕ್ಕು. ಯಾರಾದರೂ ಪಟಪಟ ಒದರಿದರೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ. ಆನೆ ಕಿವಿ ಬೀಸಿದ ಸದ್ದೂ ಅದೇ ಎಂದು ನನಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಚಿಕ್ಕಮ್ಮ ಹಲಸಿನ ತೊಳೆ ತಂದರೆ ಮೊರದ ಸಮೇತ ತಿಪ್ಪೆಗೆಸೆದು, “ಹುಳ ಬಿದ್ದಿತ್ತು” ಅಂದೆ. ತೋಟಕ್ಕೆ ಬಿಸಿಲೇರಿದ ಮೇಲೇ ಹೋಗುವುದು. ಮಾತಿಗೆ ಮೊದಲು ಸಿಡುಕು. “ವಯಸ್ಸಾಯ್ತು” ಅಂದರು ಜನ. ಆಗ ನಿನಗೆ ಈಗಿನ ನನ್ನ ವಯಸ್ಸು. ಇದೇನು ಮುದುಕಿಯಾಗುವ ವಯಸ್ಸೇ? ನನಗೆ ಆನೆ ಒಂದು ಕತೆಯಾಯಿತು. ನಿನಗೆ ಅದು ಹಗ್ಗದ ಮೇಲಿನ ಬಟ್ಟೆಯಲ್ಲಿ, ಹಣ್ಣಿನ ವಾಸನೆಯಲ್ಲಿ ದಿನಾ ಬರುತ್ತಲೇ ಇತ್ತು.

ನಿನ್ನ ಸೊಂಟ ಬಿಟ್ಟು ಇಳಿಯದಿದ್ದ ಕೂಸು, ನನ್ನ ಮಗಳು ಕಾವ್ಯ, ಈಗ ಕನಕಪುರದಲ್ಲಿ ಪಿಯುಸಿ ಓದುತ್ತಿದ್ದಾಳೆ. ಹೋದ ಮಳೆಗಾಲದಲ್ಲಿ ಅವಳಿದ್ದ ಬಸ್ಸು ತಿರುವಿನಲ್ಲಿ ಜಾರಿ ಹಳ್ಳಕ್ಕೆ ಮಗುಚಿತು. ಕಿಟಕಿಯಿಂದ ಹೊರಬಂದು, ಒಳಗಿದ್ದವರನ್ನು ಎಳೆದು ಎಳೆದು ಹಾಕಿದಳಂತೆ. ಮನೆಗೆ ಬಂದು, ದುಪಟ್ಟಾದ ಮೇಲಿನ ಯಾರದೋ ರಕ್ತ ತೊಳೆದು, ಮುದ್ದೆ ಉಂಡಳು. “ನಂಗೇನಾಗಿಲ್ಲ ಕಣಪ್ಪ.” ಊರಿನವರು ಬಂದರು. “ಅಜ್ಜಿ ಮೊಮ್ಮಗ್ಳು! ಗಂಡೆದೆ!” ಅಂದರು. ಆ ಮಾತನ್ನು ಆ ಜಗಲಿಯಲ್ಲೇ ಹಿಂದೊಮ್ಮೆ ಕೇಳಿದ್ದೆನಲ್ಲ... ಆಮೇಲೆ ಅವಳು ಬಸ್ಸು ಬಿಟ್ಟು ನಡೆಯತೊಡಗಿದಳು. ಡೀಸೆಲ್ ವಾಸನೆಗೆ ಮೂಗು ಮುಚ್ಚುತ್ತಿದ್ದಳು. ನಿನ್ನ ಸೊಸೆ ಏನಾದರೂ ಕೇಳಿದರೆ ನಿನ್ನದೇ ಸಿಡುಕು.

ರಾಮನಗರದ ಮನಸ್ಸಿನ ಡಾಕ್ಟರಮ್ಮನ ಮುಂದೆ ನಾನೇ ಮೊದಲು ಬಾಯಿ ಬಿಟ್ಟೆ. ಬಸ್ಸಿನ ಬದಲು ಆನೆಯ ಕತೆ, ನೀನು ಒದರದೆ ಹಾಕುತ್ತಿದ್ದ ಸೀರೆಯ ಕತೆ ಹೇಳಿದೆ. ಆಯಮ್ಮ ತಾಳ್ಮೆಯಿಂದ ಕೇಳಿದರು. “ಸಾಮಾನ್ಯವಾಗಿ ಸಣ್ಣದಕ್ಕೂ ಹೆದರೋ ಸ್ವಭಾವದವರಿಗೇ ಇದು ಹೆಚ್ಚು ಕಾಡೋದು. ಆದ್ರೆ ಸ್ವಭಾವ ಒಂದೇ ಅಲ್ಲ. ಏನಾಯ್ತು, ಆಮೇಲೆ ಯಾರು ಜೊತೆಗಿದ್ರು, ಅದೂ ಲೆಕ್ಕಕ್ಕೆ ಬರುತ್ತೆ. ನಿಮ್ಮ ಸುತ್ತ ಊರೇ ಇತ್ತು. ನಿಮ್ಮ ತಾಯಿ ಸುತ್ತ?” ಪಕ್ಕದಲ್ಲಿದ್ದ ಕಾವ್ಯ ಕೇಳಿದಳು: “ಅಪ್ಪ, ಅಜ್ಜಿ ಸೀರೆ ಒದ್ರೋದೇ ಬುಟ್ಬುಟ್ಟಿದ್ರಾ?” “ಹೂಂ ಕಣವ್ವ.” “ನಂಗೂ ಹಂಗೇ ಆಯ್ತದೆ. ಹಾರ್ನ್ ಸದ್ದಿಗೆ.” ನಿನ್ನ ಬಾಯಿಯ ಚಿಲಕ, ಅವ್ವ, ಅವಳ ಬಾಯಲ್ಲಿ ಕಳಚಿತು.

ಡಾಕ್ಟರಮ್ಮನ ಹತ್ತಿರ ಹೋಗುತ್ತಾ ಬರುತ್ತಾ ಇದ್ದೇವೆ ಅಂದಿನಿಂದ. ಪೂರ್ತಿ ಸರಿಹೋಗಿದ್ದಾಳೆಂದು ಸುಳ್ಳು ಹೇಳಲಾರೆ. ಕಬ್ಬಾಳಿಗೂ ಹೋಗಿದ್ದೆವು, ಆ ತಾತನಿಲ್ಲ, ಅವನ ಮಗ ಕೂತಿದ್ದಾನೆ. “ಸೈನ್ಸ್ ಓದೋಳ್ಗೆ ಅಂತ್ರನಾ ಅಪ್ಪ?” ಅಂದಳು. “ಡಾಕ್ಟರಮ್ಮಂದು ಮಂತ್ರ, ತಾತಂದು ಅಂತ್ರ. ಪ್ರಾಸ ಕೂತದೆ, ಕಟ್ಟಿಸ್ಕೊ” ಅಂದೆ. ಮೊನ್ನೆ ಬಸ್ಸು ಹತ್ತಿದಳು. ಎರಡೇ ಸ್ಟಾಪು. ಇಳಿದು ಬಂದು ಜಗಲಿಯ ಮೇಲೆ ಕೂತು, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ನಮ್ಮ ಮನೆಯ ಗಟ್ಟಿಗಿತ್ತಿ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಜನ ಬಂದರು. “ಏನಾಯ್ತು ಯೋಳವ್ವ” ಅಂದರು. ಅವಳು ಹೇಳಿದಳು, ಮತ್ತೆ ಹೇಳಿದಳು. ಕಾಫಿ ಕಾಸಿದವನು ನಾನು.

ಇನ್ನೊಂದು ಸುದ್ದಿ. ಕಬ್ಬಾಳಿನಲ್ಲಿ ನಾನು ಎರಡು ಅಂತ್ರ ತೆಗೆದುಕೊಂಡೆ. ಒಂದು ಕಾವ್ಯಳ ರಟ್ಟೆಗೆ. ಇನ್ನೊಂದನ್ನು ಕಟ್ಟೋಣವೆಂದರೆ, ಫೋಟೋದಲ್ಲಿ ನಿನಗೆ ರಟ್ಟೆಯೇ ಇಲ್ಲ. ಸ್ಟುಡಿಯೋದವನು ಭುಜಕ್ಕೇ ಕತ್ತರಿಸಿದ್ದಾನೆ. ಅದಕ್ಕೇ ಫೋಟೋದ ಮೊಳೆಗೆ ಕಟ್ಟಿದ್ದೇನೆ. ಈ ಸಲ ನನ್ನ ಕೈ ಅದುರಿತು, ಕಾವ್ಯ ದಾರದ ತುದಿ ಹಿಡಿದುಕೊಂಡಳು. ತಾತನ ಮಗನೂ ಅಪ್ಪನ ಹಾಗೇ ಕೇಳಿದ್ದ: “ಇನ್ನೊಂದು ಯಾರ್ಗೆ ಸಾರ್? ಯಾರ್ಗೆ ದಿಗ್ಲು?”

“ನಮ್ಮವ್ವನ್ಗೆ” ಅಂದೆ.