ನಲವತ್ತೆರಡನೆಯ ರೊಟ್ಟಿ

ಡೋಣಿ ಹೊಳೆಯ ದಂಡೆ
ಇಸವಿ ಎರಡು ಸಾವಿರದ ನೂರಾ ತೊಂಬತ್ತೊಂದು, ಹದಿಮೂರನೆಯ ತಿಂಗಳು, ತಾರೀಖು ಒಂಬತ್ತು

ಮೊದಲು ನೆಟ್ಟಗೆ ಕೂತುಕೊಳ್ಳಿ. ನೀವು ಮಾಸ್ತರರೋ, ಅಕ್ಕೋರೋ, ಮಕ್ಕಳನ್ನು ಹೆತ್ತವರೋ ನನಗೆ ಗೊತ್ತಿಲ್ಲ, ಯಾರಾದರೂ ಬೈಸಿಕೊಳ್ಳಬೇಕಾದವರೇ. ಅಂಜುಬುರುಕ ಕೂಸೊಂದು ಹೊಸದೇನಕ್ಕೋ ಕೈ ಚಾಚಿದಾಗ ‘ಏ ಬಿಡು, ನಿನ್ನ ಕಡಿಂದ ಆಗಂಗಿಲ್ಲ’ ಎಂದು ಕಸಿದುಕೊಂಡು ನೀವೇ ಮಾಡಿ ಮುಗಿಸಿದ್ದೀರಲ್ಲ? ಪಾಪ, ನಾಲ್ಕು ಮಂದಿಯ ಮುಂದೆ ಅದಕ್ಕೆ ಅವಮಾನವಾಗಬಾರದು ಎಂದು ನಿಮಗೆ ನೀವೇ ಸಮಾಧಾನ ಹೇಳಿಕೊಂಡಿದ್ದೀರಲ್ಲ? ಆ ನಿಮ್ಮ ಸಮಾಧಾನ ನೂರೈವತ್ತು ವರ್ಷ ಬೆಳೆದು ಈಗ ನಮ್ಮ ಶಾಲೆಯ ಗೋಡೆಯಾಗಿ ನಿಂತಿದೆ.

ನಾನು ಓದಿದ್ದು ಮೂರನೆಯ ಇಯತ್ತೆ. ನನ್ನ ಕೆಲವು ಮಾತು ನಿಮ್ಮಲ್ಲಿ ಇನ್ನೂ ಹುಟ್ಟಿಯೇ ಇಲ್ಲ, ಅದಕ್ಕೆ ಮಾಫಿ ಇರಲಿ. ತಾರೀಖು ನೋಡಿ ನಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಒಂದು ತಿಂಗಳು ಹೆಚ್ಚಿಗೆ ಜೋಡಿಸಿಕೊಂಡರು, ಅಷ್ಟೆ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಸತ್ತವರಿಗೆ, ಅಂದರೆ ನಿಮಗೆ, ಕಾಗದ ಮುಟ್ಟಿಸುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಸಿಗುತ್ತದೆ. ಸತ್ತ ಮಗಳಿಗೆ ಬರೆಯಬೇಕೆಂದು ಒಂಬತ್ತು ವರ್ಷ ಕಾದಿಟ್ಟುಕೊಂಡಿದ್ದೆ. ಈಗ ನಿಮಗೆ ಬರೆಯುತ್ತಿದ್ದೇನೆ. ಯಾಕೆಂದು ಕೇಳಿ.

ನಮ್ಮ ಶಾಲೆಯ ಪ್ರತಿ ಕೋಣೆಯಲ್ಲೂ ಅರಿವುಗೋಡೆ ಇದೆ. ಅದಕ್ಕೆ ಕಣ್ಣಿದೆ, ಬಾಯಿಲ್ಲ. ಮಗು ಅಕ್ಷರ ತಪ್ಪಿದರೆ, ಚೆಂಡು ಕೈಬಿಟ್ಟರೆ, ಹಾಡುವಾಗ ದನಿ ಒಡೆದರೆ ಅದರ ಹೆಸರಿನ ಮೇಲೊಂದು ಚುಕ್ಕೆ ಬೀಳುತ್ತದೆ. ಬಿದ್ದ ಚುಕ್ಕೆ ಸಾಯುವವರೆಗೆ ಅಳಿಯುವುದಿಲ್ಲ. ನಲವತ್ತು ಚುಕ್ಕೆ ದಾಟಿದ ಮಕ್ಕಳನ್ನು ನೆರಳುಕೋಣೆಗೆ ಒಯ್ಯುತ್ತಾರೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಅಲ್ಲಿ ಎಲ್ಲವನ್ನೂ ಯಂತ್ರವೇ ಮಾಡುತ್ತದೆ, ತಲೆ ಬಾಚುವುದರಿಂದ ತುತ್ತು ಉಣಿಸುವವರೆಗೆ. ಮಗು ಇನ್ನೆಂದೂ ಸೋಲಬೇಕಾಗಿಲ್ಲ. ಮಂದಿ ಇದನ್ನು ದಯೆ ಎನ್ನುತ್ತಾರೆ. ಹೋದ ವರ್ಷ ಒಯ್ದ ಪಾರವ್ವನನ್ನು ನಾನು ಕಿಟಕಿಯಲ್ಲಿ ಕಂಡೆ. ಹೆಸರು ಹಿಡಿದು ಕರೆದೆ. ತಿರುಗುವ ಮೊದಲು ಆ ಹುಡುಗಿ ತಿರುಗಬಹುದೇ ಎಂದು ಗೋಡೆಯನ್ನು ನೋಡಿದಳು.

ಹಾಗಾಗಿ ನಮ್ಮ ಮಕ್ಕಳು ಹೊಸದನ್ನು ಮುಟ್ಟುವುದಿಲ್ಲ. ಕಂಡಿರದ ಹಣ್ಣು ಕೊಟ್ಟರೆ ಕಚ್ಚುವುದಿಲ್ಲ. ಗಟ್ಟಿ ಮಕ್ಕಳು ಹೇಗೋ ಬದುಕಿಕೊಳ್ಳುತ್ತವೆ. ತಾಯಿ ಇಲ್ಲದವು, ತೊದಲುವವು, ಕಾಲು ಎಳೆಯುವವು ಮೂಲೆ ಹಿಡಿದು ಕಲ್ಲಾಗುತ್ತವೆ. ನನ್ನ ಮೊಮ್ಮಗಳು ಗುರುಬಾಯಿ ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡವಳು. ಒಂಬತ್ತು ವರ್ಷದವಳು ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡೇ ಓಡಾಡುತ್ತಿದ್ದಳು. ಕೈ ಹೊರಗಿದ್ದರೆ ಅದೇನು ತಪ್ಪು ಮಾಡೀತೋ ಎಂಬ ದಿಗಿಲು.

ನಾನು ಶಾಲೆಯ ಅಡುಗೆಯವಳು. ಹೊಗೆಗೆ ಅದರ ಕಣ್ಣು ಮಂಜಾಗುತ್ತದೆಂದು ಅಡುಗೆಮನೆಗೆ ಅರಿವುಗೋಡೆ ಹಚ್ಚಿಲ್ಲ. ಊಟದ ರೊಟ್ಟಿ ಯಂತ್ರದಿಂದ ಉದುರುತ್ತದೆ. ಕೈಯಲ್ಲಿ ಬಡಿಯಲು ಊರಿಗೆಲ್ಲ ನನಗೊಬ್ಬಳಿಗೇ ಬರುತ್ತದೆ. ಮೂಲೆ ಹಿಡಿದ ಅಂಥ ಆರು ಮಕ್ಕಳನ್ನು ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಕರೆದು, ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟು ಮುಂದಿಟ್ಟೆ. ಐದು ಮಕ್ಕಳು ಅಂದೇ ಹಿಟ್ಟು ಮುಟ್ಟಿದವು. ಗುರುಬಾಯಿ ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಬಾಯಿಬಿಟ್ಟಳು.

‘ಆಯಿ, ಹರದರ?’

‘ಹರದರ ತಿನ್ನು. ಹೊಟ್ಯಾಗ ಹೋದದ್ದನ್ನ ಯಾವ ಗೋಡಿ ನೋಡತೈತಿ?’

ಅದೇ ನಮ್ಮ ಕಟ್ಟಳೆಯಾಯಿತು: ಹರಿದ ರೊಟ್ಟಿಯನ್ನು ಹರಿದವರೇ ತಿನ್ನಬೇಕು, ಅಲ್ಲಿಗೆ ಅದು ಮುಗಿಯಿತು. ಮೊದಲ ವಾರ ಮಕ್ಕಳು ಹೊಟ್ಟೆ ಬಿರಿಯುವಂತೆ ತಿಂದವು. ಗುರುಬಾಯಿಯ ರೊಟ್ಟಿ ಅಂಚು ಒಡೆಯುತ್ತಿತ್ತು, ನಡುವೆ ತೂತಾಗುತ್ತಿತ್ತು, ಹಂಚಿಗೆ ಹಾಕುವಾಗ ಮಡಚಿಕೊಳ್ಳುತ್ತಿತ್ತು. ಬರಬರುತ್ತ ಅವಳ ಕೈ ಕಂಕುಳ ಬಿಟ್ಟವು. ಒಂದು ದಿನ ತೊದಲುವ ಹುಡುಗನಿಗೆ ಅವಳೇ ‘ಅಯ್ಯ, ನಿಂದೇನು ರೊಟ್ಟಿನೋ, ತ್ಯಾಪಿ ಹಚ್ಚಿದ ಕೌದಿನೋ?’ ಎಂದು ಚಾಷ್ಟಿ ಮಾಡಿದಳು. ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಲವತ್ತೆರಡನೆಯ ರೊಟ್ಟಿ ಹರಿಯಲಿಲ್ಲ. ಚಂದ್ರನ ಹಾಗೆ ಗುಂಡಗೆ, ಹಂಚಿನ ಮೇಲೆ ಉಬ್ಬಿ ಕೂತಿತು. ಅದನ್ನೂ ತಿನ್ನಿಸಿಬಿಟ್ಟಿದ್ದರೆ ಈ ಕಾಗದವೇ ಬೇಕಿರಲಿಲ್ಲ. ನನಗೆ ಸೊಕ್ಕು. ಹೋಗಿ ಬರುವವರೆಲ್ಲ ನೋಡಲಿ ಎಂದು ಅಡುಗೆಮನೆಯ ಕಿಟಕಿಗೆ ಒರಗಿಸಿಟ್ಟೆ.

ಮೇಲ್ವಿಚಾರಕಿ ಅವರಾದಿ ಬಾಯಿಯವರು ಅದನ್ನು ಕಂಡು ಒಳಗೆ ಬಂದರು. ಕೆಟ್ಟ ಹೆಂಗಸಲ್ಲ. ಗುರುಬಾಯಿಯ ಕೆನ್ನೆಯ ಹಿಟ್ಟನ್ನು ಸೆರಗಿನಿಂದ ಒರೆಸಿದರು.

‘ನೀನ ಮಾಡಿದೇನು, ತಂಗಿ? ಇದಕ್ಕೂ ಮೊದಲ ಎಷ್ಟು ಹರದಿದ್ದವು?’

‘ನಲವತ್ತೊಂದ್ರಿ!’

ಎದೆಯುಬ್ಬಿಸಿ ಹೇಳಿದಳು. ಅಷ್ಟು ಸಲ ಬಡಿದವಳು ಆ ಆರರಲ್ಲಿ ತಾನೊಬ್ಬಳೇ ಎಂಬ ಜಂಬ. ನಾನು ಬಾಯಿ ಮುಚ್ಚಿಸುವಷ್ಟರಲ್ಲಿ ಮಾತು ಹೊರಬಿದ್ದಿತ್ತು. ಅವರಾದಿ ಬಾಯಿಯವರು ಹೊರಗೆ ಹೋಗಿ ಅರಿವುಗೋಡೆಯ ಮೇಲೆ ಕೈಯಿಟ್ಟು ಲೆಕ್ಕ ಒಪ್ಪಿಸಿದರು. ನಲವತ್ತೊಂದು ಚುಕ್ಕೆ ಒಂದೇ ಉಸಿರಿಗೆ ಬಿದ್ದವು. ಹರಿಯದ ಆ ಒಂದು ರೊಟ್ಟಿಗೆ ಗುರುತು ಹಾಕಲು ಗೋಡೆಯಲ್ಲಿ ಜಾಗವೇ ಇರಲಿಲ್ಲ.

ಅವಳನ್ನು ನೆರಳುಕೋಣೆಗೆ ಒಯ್ಯುವ ತೀರ್ಪಿಗೆ ಬರುವ ತಿಂಗಳ ಒಂದನೆಯ ತಾರೀಖು ಊರ ಪಂಚರು ಕೂಡುತ್ತಾರೆ. ಅವರ ಕಾಲು ಹಿಡಿದೆ, ಜಗಳವಾಡಿದೆ. ಹಿರಿಯ ಪಂಚ ಕೇಳಿದ್ದು ಇಷ್ಟೇ: ‘ಸೋತು ಸೋತು ಕಲತ ಕೂಸು ಮುಂದ ಚಲೋ ಬಾಳೇತಿ ಅನ್ನೂದಕ್ಕ ಒಂದರ ಸಾಕ್ಷಿ ತೋರಸು, ಮುದುಕಿ.’ ನಮ್ಮಲ್ಲಿ ಎಲ್ಲಿಂದ ತರಲಿ? ಗೋಡೆ ಬಂದ ಮೇಲೆ ಅಷ್ಟು ಸಲ ಸೋಲಲು ಯಾವ ಮಗುವನ್ನೂ ಬಿಟ್ಟಿಲ್ಲ. ಹಿಂದಿನವರ ಕೈಬರಹದ ಸಾಕ್ಷಿಯನ್ನು ಪಂಚರು ತಳ್ಳಿಹಾಕುವಂತಿಲ್ಲ, ಅದು ಕಾನೂನು. ಅದಕ್ಕೇ ನಿಮ್ಮ ಬಾಗಿಲಿಗೆ ಬಂದಿದ್ದೇನೆ.

ಗುರುಬಾಯಿ ಈಗ ರೊಟ್ಟಿ ಬಡಿಯುವುದಿಲ್ಲ. ನನ್ನ ಜೊತೆ ಮಾತೂ ಇಲ್ಲ. ಕೈ ಮತ್ತೆ ಕಂಕುಳಿಗೆ ಹೋಗಿವೆ.

ನೀವು ಬಲ್ಲ ಒಂದು ಮಗುವಿನ ಹೆಸರು ಬರೆಯಿರಿ. ಅದಕ್ಕೆ ಏನು ಬರುತ್ತಿರಲಿಲ್ಲ, ಯಾರು ಪಕ್ಕದಲ್ಲಿ ಕೂತರು, ಎಷ್ಟು ಸಲ ಕೆಟ್ಟಿತು, ಆಮೇಲೆ ಅದು ಹೇಗೆ ತಲೆಯೆತ್ತಿ ನಡೆಯಿತು, ಎಲ್ಲ ಬರೆಯಿರಿ. ಕೆಟ್ಟದ್ದನ್ನು ಮುಚ್ಚಿ ಚಂದ ಮಾಡಬೇಡಿ, ನನಗೆ ಬೇಕಾದದ್ದೇ ಅದು. ಅಂಥ ಮಗು ನೆನಪಿಗೆ ಬರದಿದ್ದರೆ ನಿಮ್ಮ ಶಾಲೆಯ ಮೂಲೆಯಲ್ಲಿ ಕೂತಿರುವುದನ್ನು ಇವತ್ತೇ ಎಬ್ಬಿಸಿ, ಅದು ಎಂದೂ ಮಾಡದ್ದನ್ನು ಮುಂದಿಡಿ, ನೀವು ಸುಮ್ಮನೆ ಪಕ್ಕದಲ್ಲಿ ಕೂರಿ. ಈ ಕಾಗದ ಸಿಕ್ಕ ಜಾಗದಲ್ಲೇ ಉತ್ತರವಿಟ್ಟರೆ ನನಗೆ ಮುಟ್ಟುತ್ತದೆ. ನಿಮ್ಮ ಒಂದು ದಿನ ನಮಗೂ ಒಂದೇ ದಿನ, ಹಿಂದಂಚೆಯ ಬಾಗಿಲು ತಿಂಗಳ ಕೊನೆಗೆ ಮುಚ್ಚುತ್ತದೆ. ನೆಪ ಹೇಳಬೇಡಿ. ಬರುವ ತಿಂಗಳು ಹುಟ್ಟುವ ಮೊದಲು ಬರೆಯಿರಿ.

ನೀಲಗಂಗವ್ವ